ಎಂಟು ಪವನಿನ ಡಿಗ್ರಿ

ನನ್ನ ವಿದ್ಯಾಭ್ಯಾಸದ ಸಾಲ ಅರವತ್ತನಾಲ್ಕು ಗ್ರಾಂ. ದಿನಾರಿನಲ್ಲಿ ಎಷ್ಟು ಎಂದು ಯಾರಾದರೂ ಕೇಳಿದರೆ, ಯಾವ ದಿನದ ದರಕ್ಕೆ ಎಂದು ನಾನು ತಿರುಗಿ ಕೇಳಬೇಕಾಗುತ್ತದೆ. ಓದಿದವರಲ್ಲಿ ಹೀಗೆ ಸಾಲವನ್ನು ತಕ್ಕಡಿಯಲ್ಲಿ ಇಟ್ಟು ಲೆಕ್ಕ ಹಾಕುವವನು ನಾನೊಬ್ಬನೇ ಇರಬೇಕು, ಮತ್ತು ಅದಕ್ಕೆ ಕಾರಣ ಬೇರೆ ಯಾರೂ ಅಲ್ಲ, ನನ್ನದೇ ಬುದ್ಧಿವಂತಿಕೆ.

ನಾನು ಕೊಲ್ಲಿ ದೇಶದಲ್ಲಿ, ಸಿತ್ರಾದ ಒಂದು ಕೇಟರಿಂಗ್ ಕಂಪನಿಯ ಅಡುಗೆಮನೆಯಲ್ಲಿ ಹೆಲ್ಪರ್ ಆಗಿದ್ದೆ. ಕಾರ್ಮಿಕರ ಕ್ಯಾಂಪುಗಳಿಗೆ ಅನ್ನ, ದಾಲ್, ಮೀನು ಸಾರು ಕಳಿಸುವ ದೊಡ್ಡ ಅಡುಗೆಮನೆ. ಸಂಬಳ ನೂರ ನಲವತ್ತು ದಿನಾರು, ಓವರ್‌ಟೈಮ್ ಸೇರಿದರೆ ನೂರ ಎಂಬತ್ತೈದು. ಊಟ, ರೂಮು ಕಂಪನಿಯದು. ಕೆಲಸದಲ್ಲಿ ಕಷ್ಟ ಇರಲಿಲ್ಲ ಎಂದು ಹೇಳುವುದಿಲ್ಲ, ಆದರೆ ನಾನು ಓದಲು ಹೊರಟದ್ದು ಕಷ್ಟಕ್ಕಲ್ಲ. ತಿಂಗಳಿಗೊಮ್ಮೆ ಹೊರಗಿನಿಂದ ಒಬ್ಬರು ಆರೋಗ್ಯ ತಪಾಸಣೆಗೆ ಬರುತ್ತಿದ್ದರು. ಕುದಿಯುವ ಕೋಳಿಗೆ ಒಂದು ಥರ್ಮಾಮೀಟರ್ ಚುಚ್ಚುವುದು, ಒಂದು ಅಂಕಿ ಬರೆಯುವುದು, ಏಲಕ್ಕಿ ಚಹಾ ಕುಡಿಯುವುದು. ಎಲ್ಲರೂ ಅವರಿಗೆ ಸಾರ್ ಎನ್ನುತ್ತಿದ್ದರು. ನನಗೆ ಆಗ ಮೂವತ್ತನಾಲ್ಕು. ಅಲ್ಲಿಯವರೆಗೆ ನನ್ನನ್ನು ಯಾರೂ ಸಾರ್ ಎಂದಿರಲಿಲ್ಲ. ಕೋಳಿಗೆ ಚುಚ್ಚಲು ನನಗೂ ಬರುತ್ತದೆ ಎಂದು ಅನಿಸಿತು.

ವಿಚಾರಿಸಿದಾಗ ರಾಜಧಾನಿ ಮನಾಮಾದ ಒಂದು ಖಾಸಗಿ ಸಂಸ್ಥೆಯಲ್ಲಿ ಸಾರ್ವಜನಿಕ ಆರೋಗ್ಯದ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಇದೆ ಎಂದು ತಿಳಿಯಿತು. ಶನಿವಾರ ತರಗತಿ, ಉಳಿದದ್ದು ಮೊಬೈಲಿನಲ್ಲಿ. ಶುಲ್ಕ ಒಟ್ಟು ಸಾವಿರದ ನಾನೂರು ದಿನಾರು, ಮೊದಲೇ ಪೂರ್ತಿ ಕಟ್ಟಿದರೆ ಒಂದು ಬ್ಯಾಗು ಉಚಿತ. ಅವರು ಕೊಟ್ಟ ಬಣ್ಣದ ಪುಸ್ತಿಕೆಯಲ್ಲಿ ಈ ಓದು ಮುಗಿಸಿದವರಿಗೆ ಎಷ್ಟು ಸಂಬಳ ಎಂಬ ಪಟ್ಟಿಯಿತ್ತು. ಓದಿ ನನಗೆ ತಲೆ ತಿರುಗಿತು. ಆ ಸಂಬಳ ಡಾಲರಿನಲ್ಲಿತ್ತು, ನಾನು ಹೋಗಲಾಗದ ದೇಶದ್ದಾಗಿತ್ತು ಎಂಬುದು ಕೆಳಗೆ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಇತ್ತು. ಅದನ್ನು ಓದುವ ತಾಳ್ಮೆ ನನಗೆ ಡಿಗ್ರಿ ಮುಗಿದ ಮೇಲೆ ಬಂತು.

ನನ್ನ ಅಕ್ಕ, ಭಾವ ಇಲ್ಲೇ ಅರಾದ್‌ನಲ್ಲಿದ್ದಾರೆ. ಭಾವ ವಿಮಾನ ನಿಲ್ದಾಣದಲ್ಲಿ ಸಾಮಾನು ಸಾಗಿಸುವ ಬೆಲ್ಟುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್. ಉಡುಪಿ ಕಡೆಯ ಮನುಷ್ಯ, ಖರ್ಚಿನ ಮಾತೆತ್ತಿದರೆ ಕಿವಿ ನಿಮಿರುತ್ತದೆ. ಶುಕ್ರವಾರದ ಊಟಕ್ಕೆ ಅವರ ಮನೆಗೆ ಹೋಗುವುದು ನನ್ನ ವಾಡಿಕೆ. ಆ ಶುಕ್ರವಾರ ಪುಸ್ತಿಕೆ ತೆಗೆದು ತೋರಿಸಿದೆ.

"ಎಂತದು ಇದು?" ಎಂದರು ಭಾವ. "ಕೈ ತೊಳೀರಿ, ನೀರು ಕುದಿಸಿ ಕುಡೀರಿ ಅಂತ ಹೇಳ್ಲಿಕ್ಕೆ ಸಾವಿರದ ನಾನೂರು ದಿನಾರಾ? ನನ್ನ ಅಮ್ಮ ಪುಕ್ಕಟೆ ಹೇಳ್ತಿದ್ರು ಮಾರಾಯ."

ನನ್ನ ಮುಖ ಸಣ್ಣದಾಯಿತು. ಭಾವ ಕೈ ತೊಳೆಯಲು ಎದ್ದಾಗ, ಅಕ್ಕ ಬಸಳೆ ಸಾರಿನ ಪಾತ್ರೆ ಕೆಳಗಿಟ್ಟು ಮೆಲ್ಲಗೆ, "ನಾಳೆ ಬೆಳಿಗ್ಗೆ ಬಾ, ಇವರು ಡ್ಯೂಟಿಗೆ ಹೋಗ್ತಾರೆ" ಎಂದಳು.

ಮರುದಿನ ಹೋದಾಗ ಅವಳು ಸಾಬೂನು ಹಚ್ಚಿ ನಾಲ್ಕು ಬಳೆಗಳನ್ನು ಕೈಯಿಂದ ಜಾರಿಸುತ್ತಿದ್ದಳು. ಒಂದೊಂದು ಎರಡು ಪವನು, ಒಟ್ಟು ಎಂಟು, ಅಂದರೆ ಅರವತ್ತನಾಲ್ಕು ಗ್ರಾಂ. ಅವಳ ಮದುವೆಯ ಬಳೆಗಳು. "ಮಾರಿ ಫೀಸು ಕಟ್ಟು" ಎಂದಳು. "ಬಡ್ಡಿ ಗಿಡ್ಡಿ ಬೇಡ. ಆದ್ರೆ ವಾಪಸ್ ಕೊಡುವಾಗ ಚಿನ್ನವೇ ಕೊಡ್ಬೇಕು. ತೂಕಕ್ಕೆ ತೂಕ."

ನಮ್ಮ ಕಡೆ ಹೆಂಗಸರು ಚಿನ್ನ ಸಾಲ ಕೊಡುವ ಕ್ರಮವೇ ಇದು. ದುಡ್ಡು ಕೊಟ್ಟರೆ ದುಡ್ಡು, ಚಿನ್ನ ಕೊಟ್ಟರೆ ಚಿನ್ನ. ನನಗಂತೂ ಸ್ವರ್ಗ ಕೈಗೆ ಬಂದ ಹಾಗಾಯಿತು. ಬಡ್ಡಿಯಿಲ್ಲದ ಸಾಲ ಯಾವ ಬ್ಯಾಂಕು ಕೊಡುತ್ತದೆ? ಭಾವನಿಗೆ ಏನು ಹೇಳುವುದು ಎಂದು ಕೇಳಿದೆ. ಅದನ್ನೂ ಅವಳು ಯೋಚಿಸಿಟ್ಟಿದ್ದಳು. ನಾನು ಬ್ಯಾಂಕಿನಿಂದ ಸಾಲ ತೆಗೆದೆ ಎಂದು ಹೇಳುವುದು. ಕೈಗೆ ಅದೇ ಅಳತೆಯ ನಾಲ್ಕು 'ಒಂದು ಗ್ರಾಂ ಚಿನ್ನ'ದ ಬಳೆ, ಅಂದರೆ ಮೇಲೆ ಮಾತ್ರ ಚಿನ್ನದ ಮುಲಾಮು ಬಳಿದ ಬಳೆ, ಹಾಕಿಕೊಳ್ಳುವುದು. ಬೇರಿಂಗ್ ಹಾಳಾದರೆ ಹತ್ತು ಮಾರು ದೂರದಿಂದ ಸದ್ದು ಕೇಳಿಯೇ ಹೇಳುವ ಭಾವ ಹೆಂಡತಿಯ ಕೈಯನ್ನು ನೋಡಲಾರರು ಎಂಬ ಭರವಸೆ ಅವಳಿಗಿತ್ತು. ಆ ಭರವಸೆ ಎರಡು ವರ್ಷ ಸುಳ್ಳಾಗಲಿಲ್ಲ.

ಚಿನ್ನದ ಪೇಟೆಯಲ್ಲಿ ಬಳೆ ಮಾರಿದೆ. ಶುಲ್ಕ ಕಟ್ಟಿ ಇಪ್ಪತ್ತು ದಿನಾರು ಉಳಿಯಿತು. ಉಚಿತ ಬ್ಯಾಗೂ ಸಿಕ್ಕಿತು.

ನಮ್ಮ ಕ್ಯಾಂಪಿನ ಪಕ್ಕದ ರೂಮಿನಲ್ಲಿ ಬೇರೆ ಕಂಪನಿಯ, ಕುಂದಾಪುರದ ಒಬ್ಬ ವೆಲ್ಡರ್ ಇದ್ದ. ಬೆಳಿಗ್ಗೆ ಅವರ ಕಂಪನಿ ಬಸ್ಸಿನಲ್ಲಿ ಅಸ್ಕರ್ ಕಡೆಯ ಕಾರ್ಖಾನೆಗೆ ಹೋಗುವವನು. ಊರಿನಲ್ಲಿ ತಂಗಿಯ ನರ್ಸಿಂಗ್ ಓದಿಗೆ ಬ್ಯಾಂಕಿನಿಂದ ಸಾಲ ತೆಗೆದಿದ್ದ. ತಿಂಗಳು ತಿಂಗಳು ಕಂತು ಕಟ್ಟುವಾಗ ಬ್ಯಾಂಕಿನವರ ಏಳು ತಲೆಮಾರಿಗೂ ಬೈಯುತ್ತಿದ್ದ. ನಾನು ಚಾಪೆಯ ಮೇಲೆ ಕಾಲು ಚಾಚಿಕೊಂಡು, ಅಕ್ಕನ ಚಿನ್ನದ ಕತೆ ಹೇಳಿ, ಬಡ್ಡಿ ಎಂಬುದು ಬುದ್ಧಿಯಿಲ್ಲದವರ ದಂಡ ಎಂದು ಅವನಿಗೆ ಉಪದೇಶ ಮಾಡುತ್ತಿದ್ದೆ. ಈಗ ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಶುಕ್ರವಾರಗಳಲ್ಲಿ ಭಾವ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು. "ಈ ತಿಂಗಳ ಕಂತು ಕಟ್ಟಿದ್ಯಾ?"

"ಕಟ್ಟಿದೆ ಭಾವ."

"ತಪ್ಪಿಸ್ಬೇಡ. ಒಂದು ಸಲ ತಪ್ಪಿಸಿದ್ರೆ ಬ್ಯಾಂಕಿನವ ಬಿಡುವುದಿಲ್ಲ."

ಇಲ್ಲದ ಸಾಲದ ಇಲ್ಲದ ಕಂತನ್ನು ನಾನು ಎರಡು ವರ್ಷ ಒಂದು ತಿಂಗಳೂ ತಪ್ಪಿಸದೆ ಕಟ್ಟಿದೆ. ಅಕ್ಕ ಆ ಹೊತ್ತಿಗೆ ಸರಿಯಾಗಿ ಹಪ್ಪಳ ತರಲು ಒಳಗೆ ಹೋಗುತ್ತಿದ್ದಳು.

ಓದು ನನಗೆ ಹಿಡಿಸಿತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅಡುಗೆಮನೆಯಲ್ಲಿ ಒಂಬತ್ತು ವರ್ಷ ಯಾಕೆಂದು ಗೊತ್ತಿಲ್ಲದೆ ಮಾಡಿದ್ದಕ್ಕೆಲ್ಲ ಒಂದೊಂದು ಕಾರಣವಿದೆ ಎಂದು ತಿಳಿಯುವುದು ಸಣ್ಣ ಸುಖವಲ್ಲ. ಬೆಂದ ಅನ್ನವನ್ನು ಹೊರಗಿಟ್ಟರೆ ಅದರಲ್ಲಿ ಏನು ಬೆಳೆಯುತ್ತದೆ ಎಂದು ಓದಿದ ಮೇಲೆ ನನಗೆ ಒಂದು ವಾರ ಅನ್ನ ಸೇರಲಿಲ್ಲ. ಕಲಿಸುತ್ತಿದ್ದ ಮೇಡಂ ಮೊದಲ ದಿನವೇ ಒಂದು ಮಾತು ಹೇಳಿದ್ದರು. ಈ ಕೆಲಸವನ್ನು ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ, ಅದೇ ನಮ್ಮ ಗೆಲುವು ಎಂದು. ಎಂಥ ದೊಡ್ಡ ಮಾತು ಎಂದು ಬರೆದುಕೊಂಡೆ. ಏನೂ ಆಗದಿರುವುದಕ್ಕೆ ಯಾರು ಸಂಬಳ ಕೊಡುತ್ತಾರೆ ಎಂದು ಕೇಳಬೇಕೆಂದು ಆಗ ಹೊಳೆಯಲಿಲ್ಲ.

ಪಾಸಾದೆ. ಸರ್ಟಿಫಿಕೇಟ್ ಹಿಡಿದುಕೊಂಡು ಮ್ಯಾನೇಜರ್ ಬಳಿ ಹೋದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹೋದ ವರ್ಷ ನಮ್ಮಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟಿತ್ತಾ?" ಎಂದು ಹಿಂದಿಯಲ್ಲಿ ಕೇಳಿದರು.

"ಇಲ್ಲ ಸಾರ್."

"ಆಫೀಸರ್ ಇಲ್ಲದೆಯೇ ಕೆಡಲಿಲ್ಲ. ಇನ್ನು ಆಫೀಸರ್ ಯಾಕೆ?"

ಆದರೂ ಒಂದು ದೊಡ್ಡ ಕಾಂಟ್ರಾಕ್ಟಿಗೆ ಓದಿದವರ ಒಂದು ಹೆಸರು ಕಾಗದದಲ್ಲಿ ಬೇಕಿದ್ದುದರಿಂದ ನನ್ನನ್ನು ಹೈಜೀನ್ ಆಫೀಸರ್ ಮಾಡಿದರು. ಸಂಬಳ ಇನ್ನೂರು ದಿನಾರು. ನೂರ ನಲವತ್ತರಿಂದ ಇನ್ನೂರು, ಅರವತ್ತು ಏರಿತು ಎಂದು ಊರಿಗೆಲ್ಲ ಫೋನು ಮಾಡಿ ಹೇಳಿದೆ. ಮೊದಲ ತಿಂಗಳ ಚೀಟಿ ಬಂದಾಗ ಗೊತ್ತಾಯಿತು, ಆಫೀಸರಿಗೆ ಓವರ್‌ಟೈಮ್ ಇಲ್ಲ. ಮೊದಲು ನೂರ ಎಂಬತ್ತೈದು ಬರುತ್ತಿತ್ತು, ಈಗ ಇನ್ನೂರು. ಏರಿದ್ದು ಹದಿನೈದು.

ಅದರಲ್ಲೂ ನನ್ನ ಕೈಯಾರೆ ನಾನೇ ಕತ್ತರಿ ಹಾಕಿದ್ದೆ. ಹೊಸ ಉತ್ಸಾಹದಲ್ಲಿ ಅಡುಗೆಮನೆಯ ನಿಯಮಗಳನ್ನು ಬರೆಯುವಾಗ, ತಪಾಸಣೆ ಮಾಡುವವನು ತಾನು ತಪಾಸಣೆ ಮಾಡುವ ಅಡುಗೆಯನ್ನು ಉಣ್ಣಬಾರದು, ಉಂಡರೆ ಋಣ ಬೀಳುತ್ತದೆ ಎಂದು ಒಂದು ನಿಯಮ ಸೇರಿಸಿದ್ದೆ. ಮ್ಯಾನೇಜರ್ ಉಳಿದ ಹನ್ನೊಂದು ನಿಯಮಗಳನ್ನು ಬದಿಗಿಟ್ಟು ಅದೊಂದನ್ನು ಕೂಡಲೇ ಜಾರಿಗೆ ತಂದರು. ಹೊರಗೆ ಊಟಕ್ಕೆ ಎಷ್ಟು ಬಿಗಿ ಹಿಡಿದರೂ ತಿಂಗಳಿಗೆ ಹನ್ನೆರಡು ದಿನಾರು. ಉಳಿದದ್ದು ಮೂರು.

ಈ ನಡುವೆ ಚಿನ್ನಕ್ಕೆ ಹುಚ್ಚು ಹಿಡಿದಿತ್ತು. ನಾನು ಓದುತ್ತಿದ್ದ ಎರಡು ವರ್ಷವೂ ಅದು ಏರುತ್ತಲೇ ಹೋಯಿತು. ಮೊದಮೊದಲು ನಾನು ಗಮನಿಸಲೇ ಇಲ್ಲ, ಯಾಕೆಂದರೆ ನನ್ನ ತಲೆಯಲ್ಲಿ ಸಾಲ ಎಂದರೆ ಸಾವಿರದ ನಾನೂರು. ಬೆಳಿಗ್ಗೆ ಬಾತ್‌ರೂಮಿನ ಸಾಲಿನಲ್ಲಿ ಟವೆಲ್ ಹೆಗಲಿಗೆ ಹಾಕಿಕೊಂಡು ಮೊಬೈಲು ನೋಡುತ್ತಿದ್ದ ವೆಲ್ಡರ್ ಒಂದು ದಿನ ದರವನ್ನು ಜೋರಾಗಿ ಓದಿದ.

"ಎಂಟು ಪವನು ಅಂದ್ರೆ ಈಗ ಎಷ್ಟಾಯ್ತು ಗೊತ್ತುಂಟಾ? ಎರಡು ಸಾವಿರದ ಏಳ್ನೂರು. ನನ್ನ ಬ್ಯಾಂಕಿನವ ಇಷ್ಟು ಬಡ್ಡಿ ಹಾಕ್ಲಿಲ್ಲ ಮಾರಾಯ. ನಿನ್ನದು ಸಾಲ ಅಲ್ಲ, ಸಟ್ಟಾ ಜೂಜು."

ಆ ದಿನ ನಾನು ಫ್ರಿಜ್ಜುಗಳ ಉಷ್ಣತೆ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ತಿಂಗಳಿಗೆ ಮೂರು ದಿನಾರು ಹೆಚ್ಚು ಆದಾಯ. ಸಾಲ ಎರಡು ಸಾವಿರದ ಏಳ್ನೂರು. ಒಂಬೈನೂರು ತಿಂಗಳು. ವರ್ಷಕ್ಕೆ ತಿರುಗಿಸಿದರೆ ಎಪ್ಪತ್ತೈದು. ಚಿನ್ನ ಇನ್ನು ಒಂದು ಫಿಲ್ಸ್ ಕಾಸು ಕೂಡ ಏರದಿದ್ದರೆ, ನೂರ ಹನ್ನೊಂದನೆಯ ವಯಸ್ಸಿನಲ್ಲಿ ನನ್ನ ಡಿಗ್ರಿಯಿಂದ ನನಗೆ ಲಾಭ ಶುರುವಾಗುತ್ತದೆ. ನಗು ಬಂತು, ಆಮೇಲೆ ಬರಲಿಲ್ಲ.

ಆದರೂ ಅಕ್ಕ ಅವಸರ ಮಾಡುತ್ತಿರಲಿಲ್ಲ. ಹಬ್ಬಕ್ಕೆ ಹೊಸ ಬಟ್ಟೆ ಕೊಳ್ಳದೆ, ಊರಿಗೆ ಹೋಗದೆ, ಆರುನೂರ ಐವತ್ತು ದಿನಾರು ಕೂಡಿಸಿದ್ದೆ. ದರ ಇಳಿಯುತ್ತದೆ, ಇಳಿದಾಗ ಕೊಳ್ಳುತ್ತೇನೆ ಎಂದುಕೊಂಡಿದ್ದೆ. ಒಂದು ಶುಕ್ರವಾರ ಭಾವ ಊಟದ ನಡುವೆ ತಲೆಯೆತ್ತಿ, "ಚಿನ್ನ ಇಷ್ಟು ಏರಿದ್ದು ನಾನು ಕಂಡೇ ಇಲ್ಲ. ನಿನ್ನ ಆ ನಾಲ್ಕು ಬಳೆ ಕೊಡು ಮಾರಾಯ್ತಿ, ಬರುವ ಶುಕ್ರವಾರ ಮಾರಿ ಬರ್ತೇನೆ" ಎಂದರು.

ಅಕ್ಕನ ಕೈಯಲ್ಲಿದ್ದ ಸೌಟು ನನ್ನ ತಟ್ಟೆಯ ಮೇಲೆ ಹಾಗೇ ನಿಂತಿತು. "ಯಾಕೆ ಈಗ?"

"ಒಂದು ಉಪಯೋಗ ಉಂಟು. ಒಳ್ಳೇದಕ್ಕೇ. ಕೆಳಗೆ ಇಳಿದಾಗ ನಿನಗೆ ಬೇರೆ ತೆಗೆದುಕೊಡ್ತೇನೆ."

ಊರಲ್ಲಿ ಮನೆಗೆ ಮಹಡಿ ಕಟ್ಟುವ ಮಾತು ಆಗೀಗ ಬರುತ್ತಿತ್ತು, ಅದಕ್ಕೇ ಇರಬೇಕು ಎಂದು ಇಬ್ಬರೂ ತಿಳಿದೆವು. ಕೈಯಲ್ಲಿದ್ದ ಬಳೆಗಳನ್ನು ಅಂಗಡಿಯವನು ಒಮ್ಮೆ ಉಜ್ಜಿದರೆ ಸಾಕು, ಎರಡು ವರ್ಷದ ನಾಟಕ ಬಯಲು. ಭಾವ ಹೊಡೆಯುವ ಬಡಿಯುವ ಮನುಷ್ಯನಲ್ಲ. ಆದರೆ ಒಮ್ಮೆ ಮನಸ್ಸು ಮುರಿದರೆ ಮಾತು ಬಿಡುವವರು. ಅವರ ಸ್ವಂತ ತಮ್ಮನ ಜೊತೆ ಐದು ವರ್ಷದಿಂದ ಮಾತಿಲ್ಲ. ಅದೇ ಮೌನ ಅಕ್ಕನಿಗೆ ಆ ಎರಡು ಕೋಣೆಯ ಫ್ಲಾಟಿನಲ್ಲಿ ಬಂದರೆ ಅವಳು ಎಲ್ಲಿಗೆ ಹೋಗಬೇಕು? ಲಿಫ್ಟಿನವರೆಗೆ ಬಂದವಳು ಒಂದೇ ಮಾತು ಹೇಳಿದಳು. "ಹೇಗಾದ್ರೂ ಮಾಡು ತಮ್ಮ." ಅವಳು ಹೆದರಿದ್ದನ್ನು ನಾನು ಮೊದಲ ಬಾರಿ ನೋಡಿದ್ದು ಆಗ.

ಭಾನುವಾರ ಬ್ಯಾಂಕಿಗೆ ಹೋದೆ. ಹೆಲ್ಪರ್ ಆಗಿದ್ದಾಗ ಅದೇ ಬ್ಯಾಂಕಿನ ಬಾಗಿಲಲ್ಲಿ, ಸಾಲ ಸಿಗುವಷ್ಟು ಸಂಬಳವಿಲ್ಲ ಎಂದು ನನ್ನನ್ನು ಕುರ್ಚಿಯಲ್ಲಿ ಕೂರಿಸದೆಯೇ ಕಳಿಸಿದ್ದರು. ಈಗ ಸಂಬಳದ ಪತ್ರದಲ್ಲಿ ಆಫೀಸರ್ ಎಂದು ನೋಡಿದ್ದೇ ಕುರ್ಚಿ ಬಂತು, ನೀರೂ ಬಂತು. ಗುಮಾಸ್ತ ನನ್ನನ್ನು ಸಾರ್ ಎಂದ. ಡಿಗ್ರಿಯಿಂದ ನನಗೆ ಸಿಕ್ಕಿದ ಮೊದಲ ಲಾಭ ಅದು, ಸಾಲ ಮಾಡುವ ಯೋಗ್ಯತೆ.

"ಸಾಲ ಯಾತಕ್ಕೆ ಸಾರ್?"

"ವಿದ್ಯಾಭ್ಯಾಸಕ್ಕೆ."

"ಯಾವ ಓದು?"

"ಮುಗಿದಿದೆ" ಎಂದೆ. ಅವನು ನನ್ನ ಮುಖ ನೋಡಿ ಮುದ್ರೆ ಒತ್ತಿದ. ಎರಡು ಸಾವಿರದ ಇನ್ನೂರ ಐವತ್ತು ದಿನಾರು, ತಿಂಗಳಿಗೆ ಅರವತ್ತರಂತೆ ನಾಲ್ಕು ವರ್ಷ. ಭಾವನಿಗೆ ಎರಡು ವರ್ಷ ಹೇಳಿದ ಸುಳ್ಳು ಅವತ್ತು ಸತ್ಯವಾಯಿತು.

ಗುರುವಾರ ಮಧ್ಯಾಹ್ನ ಚಿನ್ನದ ಪೇಟೆಗೆ ಹೋದೆ. ಅಕ್ಕನ ಬಳೆಗಳಂಥದೇ ಸಾದಾ ಬಳೆ ಹುಡುಕಲು ನಾಲ್ಕು ಅಂಗಡಿ ಹತ್ತಿ ಇಳಿದೆ. ಕೊನೆಗೆ ಸಿಕ್ಕಿದವು ಅರವತ್ತನಾಲ್ಕು ಗ್ರಾಂಗಿಂತ ಮುನ್ನೂರು ಮಿಲಿಗ್ರಾಂ ಹೆಚ್ಚು ತೂಗಿದವು. ಕಡಿಮೆಯಾದರೆ ಅಕ್ಕ ಒಪ್ಪುವುದಿಲ್ಲ, ಹೆಚ್ಚಾದರೆ ನನಗೆ ಕಷ್ಟ. ಮಜೂರಿ, ತೆರಿಗೆ ಎಲ್ಲ ಸೇರಿ ಎರಡು ಸಾವಿರದ ಒಂಬೈನೂರು ದಿನಾರು ಮುಗಿಯಿತು. ಬಸ್ಸಿನ ದುಡ್ಡು ಬಿಟ್ಟರೆ ನನ್ನಲ್ಲಿ ಏನೂ ಉಳಿಯಲಿಲ್ಲ.

ಭಾವ ಡ್ಯೂಟಿಯಿಂದ ಬರುವ ಮೊದಲೇ ಅರಾದ್ ತಲುಪಿದೆ. ಅಕ್ಕ ಬಳೆಗಳನ್ನು ಅಂಗೈಯಲ್ಲಿಟ್ಟು ಸ್ವಲ್ಪ ಮೇಲೆ ಕೆಳಗೆ ಮಾಡಿ, "ತೂಕ ಸರಿ ಉಂಟು" ಎಂದಳು. ಆಮೇಲೆ ಕೈಯಲ್ಲಿದ್ದ ಮುಲಾಮಿನ ಬಳೆಗಳನ್ನು ತೆಗೆದಳು. ಎರಡೂ ಮಣಿಕಟ್ಟಿನ ಸುತ್ತ ಚರ್ಮ ಕಪ್ಪಾಗಿ, ಒಡೆದು, ಅಲ್ಲಲ್ಲಿ ಕೆಂಪಗೆ ನೀರೂರಿತ್ತು. ಹಗ್ಗ ಕಟ್ಟಿ ಬಿಟ್ಟ ಹಾಗೆ.

"ಎಂತ ಅಕ್ಕ ಇದು?"

"ಆ ಬಳೆಯದ್ದು. ತುರಿಸ್ತದೆ, ತೆಂಗಿನೆಣ್ಣೆ ಹಚ್ತೇನೆ. ನಿನ್ನ ಭಾವ ಕೇಳಿದ್ರೆ ಸಾಬೂನಿಂದ ಆಗಿದ್ದು ಅಂತ ಹೇಳ್ಲಿಕ್ಕೆ ಇಟ್ಕೊಂಡಿದ್ದೆ. ಕೇಳ್ಲಿಲ್ಲ."

ಭಾವ ಕೇಳಲಿಲ್ಲ, ಸರಿ. ನಾನು? ದಿನಾ ಬೆಳಿಗ್ಗೆ ನಲವತ್ತು ಜನ ಅಡುಗೆಯವರನ್ನು ಸಾಲಾಗಿ ನಿಲ್ಲಿಸಿ, ಕೈ ಮುಂದೆ ಚಾಚಿಸಿ, ಉಗುರು, ಗಾಯ, ಕಜ್ಜಿ ನೋಡುವುದೇ ನನ್ನ ಕೆಲಸ. ಎರಡು ವರ್ಷ ಪ್ರತಿ ಶುಕ್ರವಾರ ಈ ಕೈಯೇ ನನ್ನ ತಟ್ಟೆಗೆ ಬಡಿಸಿತ್ತು, ನಾನು ಮೀನಿನ ತುಂಡು ದೊಡ್ಡದಾ ಸಣ್ಣದಾ ಎಂದು ಮಾತ್ರ ನೋಡಿದ್ದೆ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಯಾವತ್ತೂ ಆಗಿರಲಿಲ್ಲ. ಔಷಧಿ ತಂದುಕೊಡುತ್ತೇನೆ ಎಂದೆ. ಅವಳು ನಕ್ಕು ಹೊಸ ಬಳೆಗಳನ್ನು ಅದೇ ಹುಣ್ಣಿನ ಮೇಲೆ ಏರಿಸಿಕೊಂಡಳು.

ಮರುದಿನ ಊಟವಾದ ಮೇಲೆ ಭಾವ ಬಳೆ ಇಸಿದುಕೊಂಡು ಬೆಳಕಿಗೆ ಹಿಡಿದರು. "ಹೊಸದರ ಹಾಗೆ ಉಂಟಲ್ಲ?"

"ಅಂಟುವಾಳದಲ್ಲಿ ತೊಳೆದೆ" ಎಂದಳು ಅಕ್ಕ.

ಭಾವ ತಲೆದೂಗಿ ಹೊರಟರು. ಬೇಗ ಮಾರಾಟವಾಗಲಿ, ಮಹಡಿಯಾದರೂ ಏಳಲಿ ಎಂದು ನಾನು ಸೋಫಾದ ಮೇಲೆ ಕೂತೆ. ನನ್ನ ಮಟ್ಟಿಗೆ ಎಲ್ಲ ಮುಗಿದಿತ್ತು. ಗುರುವಾರ ನಾನು ಏರಿದ ದರಕ್ಕೆ ಕೊಂಡದ್ದನ್ನು ಶುಕ್ರವಾರ ಭಾವ ಏರಿದ ದರಕ್ಕೆ ಮಾರುತ್ತಿದ್ದರು, ನಡುವೆ ಲಾಭವಾದದ್ದು ಅಂಗಡಿಯವರಿಗೆ. ಆದರೆ ಅಕ್ಕ ಬಚಾವಾದಳು, ಅದು ಸಾಕು.

ಸಂಜೆ ಭಾವ ಬಂದು, ಚಪ್ಪಲಿ ಬಿಟ್ಟು, ನನ್ನ ಪಕ್ಕದಲ್ಲಿ ಕೂತು, ಒಂದು ಲಕೋಟೆಯನ್ನು ನನ್ನ ತೊಡೆಯ ಮೇಲಿಟ್ಟರು.

"ಎಣಿಸು. ಎರಡು ಸಾವಿರದ ಆರುನೂರ ಐವತ್ತು ಉಂಟು."

"ನಾನ್ಯಾಕೆ ಭಾವ?"

"ನಿನಗೇ. ಬ್ಯಾಂಕಿನ ಸಾಲ ಮುಗಿಸಿಬಿಡು. ಇಷ್ಟು ದಿನ ನೀನು ಕಟ್ಟಿದ್ದೂ ಇದರಲ್ಲಿ ವಾಪಸ್ ಬಂತು ಅಂತ ತಿಳ್ಕೊ. ಉಳಿದದ್ದರಲ್ಲಿ ಒಂದು ಸಲ ಊರಿಗೆ ಹೋಗಿ ಬಾ." ಅವರು ನನ್ನ ಮುಖ ನೋಡದೆ ಟಿವಿಯ ಕಡೆ ನೋಡುತ್ತ ಮಾತಾಡಿದರು. "ನೀನು ಓದುವಾಗ ನಾನು ತಮಾಷೆ ಮಾಡಿದೆ. ಆಮೇಲೆ ನೋಡಿದೆ, ಎರಡು ವರ್ಷ ನೀನು ಒಂದು ಕಂತು ತಪ್ಪಿಸ್ಲಿಲ್ಲ. ಹೊಸ ಅಂಗಿ ಸಹ ಇಲ್ಲ ನಿನ್ನ ಮೈಮೇಲೆ. ನಮ್ಮ ಎರಡು ಮನೆಯಲ್ಲೂ ಡಿಗ್ರಿ ಅಂತ ಮಾಡಿದವ ನೀನೊಬ್ಬ. ಸಾಲ ಇಟ್ಕೊಂಡು ಅದನ್ನು ಮಾಡಿದ ಅಂತ ಆಗ್ಬಾರ್ದು. ನಿನ್ನ ಅಕ್ಕನಿಗೆ ಮೊದಲೇ ಹೇಳ್ಲಿಲ್ಲ. ಬಳೆ ಅಂದ್ರೆ ಅವಳಿಗೆ ಜೀವ, ಒಂದು ವಾರ ಮೊದಲಿಂದ ಬೇಜಾರು ಯಾಕೆ ಅಂತ."

ನಾನು ಬಾಯಿ ತೆರೆದೆ. ಎಲ್ಲ ಹೇಳಿಬಿಡಬೇಕು ಎಂದೇ ತೆರೆದದ್ದು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಸಣ್ಣಗೆ ತಲೆಯಾಡಿಸಿ ಬೇಡ ಎಂದಳು. ಲಕೋಟೆ ಕಿಸೆಗೆ ಹಾಕಿಕೊಂಡು ಭಾವನ ಕಾಲು ಮುಟ್ಟಿದೆ. "ಎಂತ ಮಾರಾಯ, ಏಳು ಏಳು" ಎಂದು ಅವರು ಕಾಲು ಹಿಂದಕ್ಕೆಳೆದುಕೊಂಡರು. ಈ ಮನುಷ್ಯನನ್ನು ಎರಡು ವರ್ಷ ಮೂರ್ಖ ಎಂದು ತಿಳಿದಿದ್ದೆ.

ಅಕ್ಕ ಲಿಫ್ಟಿನವರೆಗೆ ಬಂದಳು.

"ಇದು ತಗೊಳ್ಳಲಿಕ್ಕೆ ನನಗೆ ಆಗೋದಿಲ್ಲ ಅಕ್ಕ" ಎಂದೆ.

"ಸುಮ್ನೆ ಬಾಯಿ ಮುಚ್ಕೊಂಡು ಬ್ಯಾಂಕಿಗೆ ಕಟ್ಟು. ಬಡ್ಡಿಯ ಸಾಲ ಯಾರಿಗೆ ಬೇಕು."

"ಮತ್ತೆ ನಿನ್ನ ಎಂಟು ಪವನು?"

"ಅದು ಮೊದಲಿನ ಹಾಗೇ. ಆದಾಗ ಕೊಡು, ತೂಕಕ್ಕೆ ತೂಕ."

ಲಿಫ್ಟು ಬಂದು ಬಾಗಿಲು ತೆರೆಯಿತು. ಅವಳ ಮಣಿಕಟ್ಟುಗಳು ನೋಡಲಾಗದಂತಿದ್ದವು. ಮುಲಾಮಿನ ಬಳೆಗಳನ್ನು ಏನು ಮಾಡಿದೆ, ಮತ್ತೆ ಹಾಕಿಕೊಳ್ಳಬೇಡ ಎಂದೆ.

"ಬಿಸಾಡಿದೆ" ಎಂದಳು. "ಇನ್ನು ಖಾಲಿ ಕೈಯಲ್ಲಿ ಇರ್ತೇನೆ. ಬಳೆ ಎಲ್ಲಿಗೆ ಹೋಯ್ತು ಅಂತ ನಿನ್ನ ಭಾವನಿಗೂ ಗೊತ್ತಾಯ್ತಲ್ಲ."